ಮಾತಿಲ್ಲದ ಸಿನಿಮಾಕ್ಕೆ ಮೈಕ್‌ಸೆಟ್ಟು

ನಾನು ಓದು ನಿಲ್ಲಿಸಿದ್ದು ೧೯೮೭ರಲ್ಲಿ, ಎಂಟನೇ ಕ್ಲಾಸಿಗೆ. ನಿಲ್ಲಿಸಿದೆ ಅಂತ ನಾನು ಹೇಳುತ್ತೇನೆ, ಅದಾಗೇ ನಿಂತಿತು ಅಂತ ನಮ್ಮಪ್ಪ ಹೇಳುತ್ತಿದ್ದ. ಇಂಗ್ಲಿಷಿನಲ್ಲಿ ನೂರಕ್ಕೆ ಹದಿನಾಲ್ಕು ಬಂದಿತ್ತು. ಆ ಹದಿನಾಲ್ಕಾದರೂ ಹೇಗೆ ಬಂತು ಅನ್ನುವುದು ಇವತ್ತಿಗೂ ನನಗೆ ಬಗೆಹರಿದಿಲ್ಲ. ಅಕ್ಷರ ದುಂಡಗಿತ್ತು, ಅದಕ್ಕೆ ಕೊಟ್ಟಿರಬೇಕು.

ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ಮೊನ್ನೆ ನನ್ನ ಹೆಂಡತಿ ಗಿರಿಜಾ ಬಟ್ಟೆ ಒಗೆಯಲು ಕೂತವಳು ನನ್ನ ಅಂಗಿ ಕಿಸೆಯಿಂದ ಒಂದು ಪಿನ್ನು ತೆಗೆದು ಕಲ್ಲಿನ ಮೇಲಿಟ್ಟು ಒಬ್ಬಳೇ ನಗತೊಡಗಿದಳು. ಪಿನ್ನು ಅಂದರೆ ಸೀರೆಗೆ ಚುಚ್ಚಿಕೊಳ್ಳುವುದಲ್ಲ. ಲ್ಯಾಪ್‌ಟಾಪಿನಿಂದಲೋ ಮೊಬೈಲಿನಿಂದಲೋ ಹಾಡು ತೆಗೆದು ಆಂಪ್ಲಿಫೈಯರಿಗೆ ಕೊಡುವ ವೈರಿನ ತುದಿ, ಕಿರುಬೆರಳಿನ ಅರ್ಧದಷ್ಟು ಉದ್ದದ ಲೋಹದ ಕಡ್ಡಿ. ಬೇರೆಯವರ ಕಿಸೆಯಲ್ಲಿ ಬಾಚಣಿಗೆ ಇರುವ ಹಾಗೆ ನನ್ನ ಕಿಸೆಯಲ್ಲಿ ಇದೊಂದು ಯಾವಾಗಲೂ ಇರುತ್ತದೆ. ಶಿಕಾರಿಪುರದಲ್ಲಿ ನನ್ನದು ಮೈಕ್‌ಸೆಟ್ಟಿನ ಅಂಗಡಿ. ಮದುವೆ, ಗೃಹಪ್ರವೇಶ, ಗ್ರಾಮಸಭೆ, ಸತ್ತವರ ಹನ್ನೊಂದನೇ ದಿನದ ಭಜನೆ, ಎಲ್ಲದಕ್ಕೂ ಹೋಗುತ್ತೇನೆ. ಈಗ ಪರದೆ, ಪ್ರೊಜೆಕ್ಟರು ಸಹ ಇಟ್ಟಿದ್ದೇನೆ.

ಗಿರಿಜಾ ಆ ಪಿನ್ನನ್ನು ಬೆಳಕಿಗೆ ಹಿಡಿದು, "ಇದು ಅದೇ ಅಲ್ವಾ, ನಮ್ಮಣ್ಣನ ಊರಲ್ಲಿ ನೀವು ಹನ್ನೆರಡು ಸಲ ಕಿತ್ತು ಹನ್ನೆರಡು ಸಲ ಹಾಕಿದ್ದು?" ಅಂದಳು.

ಹನ್ನೆರಡಲ್ಲ, ಏಳು ಸಲ. ಹೆಂಡಂದಿರು ಎಣಿಸುವುದೇ ಹಾಗೆ.

ಆ ಕಥೆ ಹೇಳಬೇಕಾದರೆ ಮೊದಲು ಒಂದು ಎಮ್ಮೆಯ ವಿಷಯ ಹೇಳಬೇಕು.

ನಮ್ಮೂರು ಬಳ್ಳಿಗಾವಿಯಿಂದ ಎರಡು ಮೈಲಿ. ಊರ ಮುಂದೆ ಕೆರೆ, ಕೆರೆ ನಡುವೆ ಒಂದು ಮಣ್ಣಿನ ಗುಡ್ಡೆ, ಗುಡ್ಡೆ ಮೇಲೆ ಎರಡು ಜಾಲಿ ಮರ. ರಿಸಲ್ಟು ಬಂದ ದಿನ ಮಾರ್ಕ್ಸ್‌ಕಾರ್ಡನ್ನು ಚಡ್ಡಿಯ ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಹೋಗಲು ಧೈರ್ಯ ಸಾಲದೆ ಕೆರೆ ಕಡೆ ಹೋದೆ. ಏರಿಯ ಕೆಳಗಿನ ತೋಟದಲ್ಲಿ ಗೊನೆ ಕಡಿದು ಬಿಟ್ಟ ಬಾಳೆದಿಂಡು ಬಿದ್ದಿದ್ದವು. ಐದು ದಿಂಡು ಜೋಡಿಸಿ, ಬಿದಿರುಗೂಟ ಚುಚ್ಚಿ ತೆಪ್ಪ ಮಾಡಿಕೊಂಡು ಗುಡ್ಡೆಗೆ ಹೋದೆ. ಈಜು ಬರುತ್ತಿರಲಿಲ್ಲ. ಎಂಟನೇ ಕ್ಲಾಸು ಫೇಲಾದವನಿಗೆ ಆ ಹೊತ್ತಿನಲ್ಲಿ ಅದು ದೊಡ್ಡ ಕೊರತೆಯಾಗಿ ಕಾಣಲಿಲ್ಲ.

ಅಲ್ಲಿ ಬೆಳ್ಳಕ್ಕಿಗಳಿದ್ದವು. ನನ್ನನ್ನು ಒಮ್ಮೆ ನೋಡಿ ಸ್ವಲ್ಪ ಆಚೆ ಸರಿದು ಕೂತವು, ಅಷ್ಟೇ. ಎಷ್ಟು ಮಾರ್ಕ್ಸು ಅಂತ ಕೇಳದ ಜೀವಗಳೆಂದರೆ ಅವತ್ತು ನಾನು ನೋಡಿದ್ದು ಅವನ್ನೇ. ಜಾಲಿ ನೆರಳಿನಲ್ಲಿ ಮಲಗಿದೆ. ಎದ್ದು ನೋಡಿದರೆ ನೀರಿನಲ್ಲಿ ಬಿದ್ದುಕೊಂಡಿದ್ದ ನಮ್ಮದೇ ಮನೆಯ ಎಮ್ಮೆ ಗುಡ್ಡೆಯ ಅಂಚಿಗೆ ಬಂದು ನನ್ನ ತೆಪ್ಪವನ್ನು ತಿನ್ನುತ್ತಿದೆ. ಮೂರು ದಿಂಡು ಆಗಲೇ ಮುಗಿದಿತ್ತು. ಹೆದರಿಸಿದೆ, ಬೇಡಿಕೊಂಡೆ, ಕೊನೆಗೆ ಅದರ ಬದಲು ಇದನ್ನಾದರೂ ತಿನ್ನು ಅಂತ ಮಾರ್ಕ್ಸ್‌ಕಾರ್ಡನ್ನು ಮುಂದೆ ಹಿಡಿದೆ. ಮೂಸಿ ನೋಡಿ ಬಿಟ್ಟುಬಿಟ್ಟಿತು.

ಹಾಗೆ ನಾನು ನಿರ್ಜನ ದ್ವೀಪದಲ್ಲಿ ಒಬ್ಬನೇ ಉಳಿದೆ. ಸುತ್ತ ನೀರು, ಕೂಗಿದರೆ ಏರಿಗೆ ಕೇಳದಷ್ಟು ದೂರ. ಬಿಸಿಲು ನೆತ್ತಿಗೆ ಬಂತು, ಹೊಟ್ಟೆ ಹಸಿಯಿತು. ಆಗ ಊರ ಕಡೆಯಿಂದ ಹಾಡು ಬಂತು ನೋಡಿ. ಅವತ್ತು ಊರಲ್ಲಿ ಮದುವೆ ಇತ್ತು. ನೀರಿನ ಮೇಲೆ ಹಾಯ್ದು ಬರುವ ಮೈಕಿನ ದನಿ ನೀವು ಕೇಳಿದ್ದೀರೋ ಇಲ್ಲವೋ. ಪಕ್ಕದಲ್ಲಿ ಕೂತು ಕಿವಿಯಲ್ಲಿ ಹೇಳಿದಷ್ಟು ಸ್ಪಷ್ಟ. ಹಾಡು ನಡುವೆ ನಿಂತು ಒಂದು ಗೊಗ್ಗರು ದನಿ ಬಂತು: "ವಧೂವರರನ್ನು ಆಶೀರ್ವದಿಸಲು ಬಂದಿರುವ ಬಂಧುಗಳಲ್ಲಿ ಒಂದು ವಿನಂತಿ. ಎಂಟನೇ ಕ್ಲಾಸಿನಲ್ಲಿ ಫೇಲಾಗಿರುವ ಹಾಲೇಶ ಎಂಬ ಹುಡುಗ ಎಲ್ಲಿದ್ದರೂ ಕೂಡಲೇ ಊಟಕ್ಕೆ ಬರತಕ್ಕದ್ದು. ಅವರಪ್ಪ ಹೊಡೆಯುವುದಿಲ್ಲ."

ಮೂರು ಸಲ ಹೇಳಿದರು. ಸುತ್ತಿನ ಮೂರೂರಿಗೆ ನಾನು ಫೇಲಾದದ್ದು ಗೊತ್ತಾಯಿತು. ನನ್ನ ಹೆಸರು ಮೈಕಿನಲ್ಲಿ ಬಂದದ್ದು ಅದೇ ಮೊದಲು.

ಎಮ್ಮೆ ತೆಪ್ಪ ಮುಗಿಸಿ ಮನೆ ಕಡೆ ಹೊರಟಿತು. ಅದರ ಬಾಲ ಹಿಡಿದುಕೊಂಡೆ. ಮೂಗು, ಬಾಯಿ, ಕಿವಿ ಎಲ್ಲದರಲ್ಲೂ ಕೆರೆ ನೀರು ತುಂಬಿಕೊಂಡು ದಡಕ್ಕೆ ಬಂದೆ. ಅಪ್ಪ ಏರಿ ಮೇಲೆ ನಿಂತಿದ್ದ. ಕೈ ಎತ್ತಿದ. ಎತ್ತಿದ ಕೈ ಹಾಗೇ ನಿಂತಿತು, ಆಮೇಲೆ ಕೆಳಗಿಳಿಯಿತು. ಮೈಕಿನಲ್ಲಿ ಹೇಳಿ ಆಗಿತ್ತಲ್ಲ.

ನಮ್ಮಪ್ಪನ ಕೈಯನ್ನು ತಡೆಯುವ ವಸ್ತು ಪ್ರಪಂಚದಲ್ಲಿ ಒಂದು ಇದೆ ಅಂತ ನನಗೆ ಗೊತ್ತಾದ ಕ್ಷಣ ಅದು. ಊಟ ಮುಗಿಸಿ ಸೀದಾ ಮೈಕ್‌ಸೆಟ್ಟಿನ ಮುಂದೆ ಹೋಗಿ ಕೂತೆ. ಸೆಟ್ಟಿನ ಮಾಲೀಕರು ಶಿಕಾರಿಪುರದ ದಾದಾಪೀರ್ ಸಾಹೇಬರು. ಗೊಗ್ಗರು ದನಿ ಅವರದೇ. ಸಂಜೆ ಗಾಡಿಗೆ ಸಾಮಾನು ಏರಿಸುವಾಗ ಮರಕ್ಕೆ ಕಟ್ಟುವ ತಗಡಿನ ಹಾರ್ನಿನ ಒಂದು ತುದಿಯನ್ನು ನಾನು ಹಿಡಿದುಕೊಂಡೆ. ಅದನ್ನು ಶಿಕಾರಿಪುರದ ಅವರ ಅಂಗಡಿಯಲ್ಲೇ ಕೆಳಗಿಟ್ಟದ್ದು. ಆಮೇಲೆ ಹನ್ನೊಂದು ವರ್ಷ ಅಲ್ಲಿದ್ದು ಸ್ವಂತ ಸೆಟ್ಟು ಮಾಡಿಕೊಂಡೆ.

ಸಾಹೇಬರು ಕಲಿಸಿದ್ದು ಬಹಳ. ವೈರನ್ನು ಮೊಣಕೈಗೆ ಸುತ್ತಬಾರದು, ಒಳಗೆ ತಿರುಚಿ ಸಾಯುತ್ತದೆ. ಮೈಕನ್ನು ಕೈಯಿಂದ ಬಡಿದು ನೋಡಬಾರದು, ಊದಿ ನೋಡಬಾರದು, ಅದೇನು ಒಲೆಯಲ್ಲ. ಎಲ್ಲಕ್ಕಿಂತ ದೊಡ್ಡ ಪಾಠ ಪಿನ್ನಿನದು. ಪಿನ್ನು ತೂತಿನೊಳಗೆ ಪೂರ್ತಿ ಕೂರದೆ ಅರ್ಧ ಕೂತರೆ ಒಂದು ವಿಚಿತ್ರ ಆಗುತ್ತದೆ. ತಬಲ ಕೇಳುತ್ತದೆ, ಪಿಟೀಲು ಕೇಳುತ್ತದೆ, ಹಾಡುವವರ ದನಿ ಮಾತ್ರ ಮಾಯವಾಗುತ್ತದೆ. ಯಾಕೆ ಅಂತ ಇಂಜಿನಿಯರಿಂಗ್ ಓದಿದವರು ಚಿತ್ರ ಬರೆದು ತೋರಿಸುತ್ತಾರೆ. ಸಾಹೇಬರು ಒಂದೇ ಮಾತಿನಲ್ಲಿ ಹೇಳಿದ್ದರು: "ಹಾಡು ಐತಿ, ಹಾಡೋರು ಇಲ್ಲ ಅಂದ್ರೆ ಪಿನ್ ನೋಡು. ಮಂದಿ ಮುಖ ನೋಡಬ್ಯಾಡ."

ಸಾಹೇಬರು ಈಗಿಲ್ಲ. ಅವರ ಮಾತಿನಿಂದ ನಾನು ಕೂತ ಸೆಟ್ಟು ಮೂವತ್ತೆಂಟು ವರ್ಷ ನಡುವೆ ಕೆಟ್ಟು ನಿಂತಿಲ್ಲ. ಕರೆಂಟು ಹೋದರೆ ಇನ್ವರ್ಟರ್, ಇನ್ವರ್ಟರ್ ಹೋದರೆ ಜನರೇಟರ್. ಒಂದು ಸಲ ಶಿರಾಳಕೊಪ್ಪದ ಹತ್ತಿರ ಒಬ್ಬರ ಮದುವೆಯಲ್ಲಿ ಎರಡೂ ಕೈಕೊಟ್ಟಾಗ ವರನ ಕಾರಿನ ಬಾನೆಟ್ಟು ಎತ್ತಿ ಬ್ಯಾಟರಿಗೆ ವೈರು ಹಚ್ಚಿ ಮಂತ್ರ ಮುಗಿಸಿಕೊಟ್ಟಿದ್ದೇನೆ. ಆಮೇಲೆ ಆ ಕಾರನ್ನು ಎಲ್ಲರೂ ಸೇರಿ ತಳ್ಳಬೇಕಾಯಿತು, ವಧೂವರರನ್ನು ಒಳಗೆ ಕೂರಿಸಿಕೊಂಡು. ಮೈಕು ಮಾತ್ರ ನಿಲ್ಲಲಿಲ್ಲ.

ಇಷ್ಟು ಮಾಡಿದವನಿಗೆ ಸಿಗುವುದೇನು? ನೀವೇ ನೆನಪು ಮಾಡಿಕೊಳ್ಳಿ, ಎಷ್ಟು ಸಮಾರಂಭಕ್ಕೆ ಹೋಗಿದ್ದೀರಿ. ಕೊನೆಗೆ ವಂದನಾರ್ಪಣೆ ಇರುತ್ತದೆ. ಅಧ್ಯಕ್ಷರು, ಉದ್ಘಾಟಕರು, ಅಡುಗೆಯವರು, ಹೂವಿನ ಹಾರ ತಂದವರು, ಎಲ್ಲರ ಹೆಸರೂ ಬರುತ್ತದೆ. ಜನ ಎದ್ದು ಚಪ್ಪಲಿ ಹುಡುಕುವಾಗ ಕೊನೆಯಲ್ಲಿ, "ಹಾಗೆಯೇ ಧ್ವನಿವರ್ಧಕದವರಿಗೂ." ಅಷ್ಟೇ. ಹೆಸರಿಲ್ಲ. ಅದನ್ನೂ ನನ್ನದೇ ಮೈಕಿನಲ್ಲಿ ಹೇಳುತ್ತಾರೆ. ನಾನೇ ಸರಿಯಾಗಿ ಕೇಳುವ ಹಾಗೆ ಇಟ್ಟುಕೊಟ್ಟಿರುತ್ತೇನೆ.

ಇನ್ನು ನನ್ನ ಭಾವನ ವಿಷಯ. ಗಿರಿಜಾಳ ಅಣ್ಣ, ಸೊರಬ ತಾಲ್ಲೂಕಿನವರು, ಗುಡವಿಯ ಆಚೆಯ ಒಂದು ಊರಲ್ಲಿ ಮೂವತ್ತೆರಡು ವರ್ಷ ಮೇಷ್ಟರಾಗಿದ್ದು ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಊರವರೆಲ್ಲ ಅವರಿಗೆ ಹೆಡ್ಮಾಷ್ಟ್ರು ಅಂತಲೇ ಅನ್ನುತ್ತಾರೆ, ಅವರೂ ಹಾಗೇ ನಡೆಯುತ್ತಾರೆ. ತಂಗಿಯನ್ನು ಮೈಕ್‌ಸೆಟ್ಟಿನವನಿಗೆ ಕೊಡುವುದು ಅವರಿಗೆ ಸುತರಾಂ ಇಷ್ಟವಿರಲಿಲ್ಲ. ಅದರ ಮೇಲೆ ನಾನು ಮದುವೆಯ ದಿನ ಒಂದು ಕೆಲಸ ಮಾಡಿದೆ. ನನ್ನ ಮದುವೆಗೆ ನನ್ನದೇ ಸೆಟ್ಟು ಇಟ್ಟಿದ್ದೆ. ತಾಳಿ ಕಟ್ಟಲು ಇನ್ನೇನು ಐದು ನಿಮಿಷ ಇದೆ, ಮೈಕು ಕುಂಯ್ ಅಂತ ಶುರುಮಾಡಿತು. ಸ್ಪೀಕರ್ ಬಾಕ್ಸು ಮೈಕಿನ ಎದುರಿಗೆ ತಿರುಗಿದೆ ಅಂತ ಕೂತಲ್ಲೇ ನನಗೆ ಗೊತ್ತು. ತಡೆದುಕೊಳ್ಳಲು ನೋಡಿದೆ, ಆಗಲಿಲ್ಲ. ಬಾಸಿಂಗ ಕಟ್ಟಿಕೊಂಡೇ ಎದ್ದು ಹೋಗಿ ಬಾಕ್ಸು ತಿರುಗಿಸಿ ಬಂದು ಕೂತೆ. ಗಿರಿಜಾ ಅವತ್ತು ಮೊದಲ ಸಲ ನನ್ನ ಮುಖ ನೋಡಿ ನಕ್ಕಿದ್ದು. ಭಾವ ನಗಲಿಲ್ಲ.

ಅವತ್ತಿಂದ ಇಪ್ಪತ್ತಾರು ವರ್ಷ ಅವರು ನನ್ನನ್ನು ಹೆಸರು ಹಿಡಿದು ಕರೆದಿಲ್ಲ. ಹಾಲೇಶ ಅಂತ ಮೂರೇ ಅಕ್ಷರ. "ಏನಪ್ಪಾ ಮೈಕು, ಯಾವಾಗ ಬಂದೆ?" "ಮೈಕಿಗೆ ಇನ್ನೆರಡು ಕಡುಬು ಹಾಕು." ಮನೆ ತುಂಬ ನೆಂಟರಿದ್ದರೆ, "ಇವರು ನಮ್ಮ ಎಂಟನೇ ಕ್ಲಾಸು." ಕೆಟ್ಟ ಮನುಷ್ಯರಲ್ಲ. ನನ್ನ ದೊಡ್ಡ ಮಗಳಿಗೆ ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೇಳಿಕೊಟ್ಟವರೇ ಅವರು. ಆದರೂ ಮೂರಕ್ಷರ ಅವರ ಬಾಯಿಗೆ ಬರಲಿಲ್ಲ. ನಾನೂ ಬಿಟ್ಟುಕೊಡದೆ ಪ್ರತಿ ಹಬ್ಬಕ್ಕೂ ಹೋಗಿ ಕಡುಬು ತಿಂದು ಬರುತ್ತಿದ್ದೆ.

ಹೋದ ವರ್ಷ ಮಳೆ ನಿಂತ ಮೇಲೆ ಒಂದು ದಿನ ಅವರ ಫೋನು ಬಂತು. ಅವರ ಊರಿನ ಹೈಸ್ಕೂಲಿಗೆ ಹೊಸದಾಗಿ ಬಂದ ಡ್ರಾಯಿಂಗ್ ಮೇಡಂ ಮಕ್ಕಳಿಗೂ ಊರವರಿಗೂ ಒಂದು ಸಿನಿಮಾ ತೋರಿಸುವವರಿದ್ದರು. ಪೂರಾ ಚಿತ್ರ ಬರೆದೇ ಮಾಡಿದ ಸಿನಿಮಾ, ಒಂದು ನಿರ್ಜನ ದ್ವೀಪದಲ್ಲಿ ಸಿಕ್ಕಿಕೊಂಡವನ ಕಥೆ ಅಂತೆ. ಭಾವ ಮುಖ್ಯ ಅತಿಥಿ. ಅವರ ಮನಸ್ಸು ಬೇರೆ ಊರಿನ ದೊಡ್ಡ ಸೆಟ್ಟಿನವರ ಮೇಲಿತ್ತು. ಗಿರಿಜಾ ಹಟ ಹಿಡಿದಳೆಂದು ನನಗೆ ಕೊಟ್ಟಿದ್ದರು, ಅದನ್ನು ನನಗೇ ಹೇಳಿದರು.

"ಅದು ನಾನು ಪಾಠ ಮಾಡಿದ ಶಾಲೆ. ಅಲ್ಲಿ ಏನಾದ್ರೂ ಎಡವಟ್ಟಾದ್ರೆ ಹೋಗೋದು ನನ್ನ ಮರ್ಯಾದೆ, ತಿಳೀತಾ?"

"ಮೂವತ್ತೆಂಟು ವರ್ಷದಲ್ಲಿ ನನ್ನ ಸೆಟ್ಟು ನಡುವೆ ನಿಂತಿಲ್ಲ ಭಾವ. ನಿಂತ್ರೆ ಸಾಯೋತನಕ ಎಂಟನೇ ಕ್ಲಾಸು ಅಂತಲೇ ಕರೀರಿ."

"ನಿಲ್ಲದಿದ್ರೆ?"

"ನಿಲ್ಲದಿದ್ರೆ ವಂದನಾರ್ಪಣೆ ನೀವೇ ಮಾಡಬೇಕು. ನನ್ನ ಹೆಸರು ಹಿಡಿದು ಹೇಳಬೇಕು. ಮೈಕಿನಲ್ಲಿ."

"ಆಯ್ತು ಬಾ ಮಾರಾಯ," ಅಂದರು.

ಶನಿವಾರ ಮಧ್ಯಾಹ್ನ. ನೀರಿನೊಳಗೇ ಮರ ನಿಂತಿರುವ ಗುಡವಿಯ ಹಕ್ಕಿಗಳ ಕೆರೆ ಹತ್ತಿರದ ಊರು, ಅವು ಮರಿ ಮಾಡಿದ ಕಾಲ, ಅದಕ್ಕೇ ಹಾರ್ನು ಕಟ್ಟಲಿಲ್ಲ. ಶಾಲೆಯ ಹಾಲಿನೊಳಗೆ ಎರಡು ಬಾಕ್ಸು ಮಾತ್ರ. ಎಂಟು ಕಿಟಕಿಗೆ ಜಮಖಾನ, ತಾಡಪಾಲು ಬಿಗಿದು ಕತ್ತಲೆ ಮಾಡಿದೆ. ಮೂರು ಸಲ ವೈರು ನೋಡಿದೆ. ಮಕ್ಕಳು ನೆಲದ ಮೇಲೆ, ಊರವರು ಹಿಂದೆ ಬೆಂಚಿನ ಮೇಲೆ, ಹೆಂಗಸರ ಸಾಲಿನ ಮುಂದೆಯೇ ಗಿರಿಜಾ. ಮೊದಲು ಭಾವನ ಭಾಷಣ. ಹದಿನೈದು ನಿಮಿಷ ಅಂತ ಇತ್ತು, ನಲವತ್ತೈದು ಆಯಿತು. "ಈ ಚಿತ್ರದ ಸಂಭಾಷಣೆಗಳು ಮಕ್ಕಳ ಎಳೆ ಮನಸ್ಸಿಗೆ ನಾಟುವಂತಿವೆ, ಪ್ರತಿಯೊಂದು ಮಾತನ್ನೂ ಗಮನವಿಟ್ಟು ಕೇಳಬೇಕು," ಅಂತ ಮುಗಿಸಿದರು. ಆಮೇಲೆ ಮೇಡಂ ನಾಲ್ಕು ಮಾತು ಹೇಳಬೇಕಿತ್ತು. ಹೊತ್ತಾಯಿತೆಂದು ಪಾಪ ಅವರು ಕೈಮುಗಿದು, ಶುರುಮಾಡಿ ಸರ್ ಅಂತ ನನಗೆ ಸನ್ನೆ ಮಾಡಿ, ಮಕ್ಕಳಿಗೆ ಮಂಡಕ್ಕಿ ಕಲಸಲು ಬಿಸಿಯೂಟದ ಕೋಣೆಗೆ ಹೋದರು.

ಸಿನಿಮಾ ಶುರುವಾಯಿತು. ಸಮುದ್ರ. ಅಲೆ ಎದ್ದು ಬಿದ್ದ ಸದ್ದಿಗೆ ಮುಂದಿನ ಸಾಲಿನ ಮಕ್ಕಳು ಕಾಲು ಮಡಚಿಕೊಂಡವು, ಅಷ್ಟು ಚೆನ್ನಾಗಿ ಬರುತ್ತಿತ್ತು. ಒಬ್ಬ ಮನುಷ್ಯ ಮರಳಿನ ಮೇಲೆ ಬಂದು ಬಿದ್ದ. ಎದ್ದ. ನಡೆದ. ಗಾಳಿ ಬೀಸಿತು, ಎಲ್ಲೋ ಪಿಟೀಲು ಬಂತು. ಅವನು ಬಾಯಿ ತೆರೆದು ಯಾರನ್ನೋ ಕರೆದ ಹಾಗೆ ಮಾಡಿದ, ಮಾತು ಬರಲಿಲ್ಲ.

ನಾನು ಮುಂದೆ ಬಗ್ಗಿ ಕಿವಿಗೊಟ್ಟೆ.

ಅಲೆ ಇದೆ, ಗಾಳಿ ಇದೆ, ಪಿಟೀಲು ಇದೆ. ಮಾತಿಲ್ಲ. ಹಿಂದಿನ ಬೆಂಚಿನಿಂದ ಒಬ್ಬರು, "ಮಾತು ಬರ್ತಾ ಇಲ್ಲ ಮಾರಾಯ್ರೆ," ಅಂದರು. ಬೇರೆ ಯಾರಾದರೂ ಆಗಿದ್ದರೆ ಇನ್ನಷ್ಟು ಹೊತ್ತು ಕಾದು ನೋಡುತ್ತಿದ್ದರೋ ಏನೋ. ನಾನು ದಾದಾಪೀರ್ ಸಾಹೇಬರ ಶಿಷ್ಯ. ಮಂದಿ ಮುಖ ನೋಡದೆ ಪಿನ್ನು ನೋಡಿದೆ. ಒತ್ತಿದೆ. ಕಿತ್ತು ಅಂಗಿಗೆ ಒರೆಸಿ ಮತ್ತೆ ಹಾಕಿದೆ. ಪರದೆ ಮೇಲೆ ಆ ಮನುಷ್ಯ ಮರದ ದಿಮ್ಮಿ ಎಳೆದು ತಂದು ತೆಪ್ಪ ಕಟ್ಟುತ್ತಿದ್ದಾನೆ, ಕೆಳಗೆ ನಾನು ಟಾರ್ಚು ಬಾಯಲ್ಲಿ ಕಚ್ಚಿಕೊಂಡು ವೈರು ಬದಲಾಯಿಸುತ್ತಿದ್ದೇನೆ. ಕಿಸೆಯ ಪಿನ್ನು ಹಾಕಿದೆ. ಆಂಪ್ಲಿಫೈಯರೇ ಬದಲಾಯಿಸಿದೆ. ಪ್ರತಿ ಸಲವೂ ಅಲೆ ಇನ್ನೂ ಚೆನ್ನಾಗಿ ಕೇಳುತ್ತಿತ್ತು, ಮನುಷ್ಯ ಇನ್ನೂ ಮೂಕನಾಗುತ್ತಿದ್ದ. ಹಿಂದಿನವರು ಗುಜುಗುಜು ಶುರುಮಾಡಿದರು.

ಭಾವ ಎದ್ದು ಬಂದು ನನ್ನ ಕಿವಿಯ ಹತ್ತಿರ ಬಗ್ಗಿದರು. ಕೋಪ ಮಾಡಿಕೊಂಡಿದ್ದರೆ ಸಹಿಸಬಹುದಿತ್ತು. ಮೆತ್ತಗೆ ಹೇಳಿದರು: "ನಾನು ಹೇಳಿದ್ನಲ್ಲಪ್ಪಾ."

ನಾನು ಸಿನಿಮಾ ನಿಲ್ಲಿಸಿದೆ. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ, ನನ್ನ ಕೈಯಾರೆ. ಲೈಟು ಹಾಕಿ, ನಾಲ್ಕನೇ ವೈರು ಹುಡುಕಲು ಪೆಟ್ಟಿಗೆ ತೆಗೆದೆ. ಇನ್ನೂರು ಜನ ನನ್ನ ಬೆನ್ನು ನೋಡುತ್ತಿದ್ದರು. ಕೆರೆ ನಡುವಿನ ಗುಡ್ಡೆಯೂ ಇದಕ್ಕಿಂತ ವಾಸಿ ಅನ್ನಿಸಿತು, ಅಲ್ಲಿ ಎಮ್ಮೆಯಾದರೂ ಇತ್ತು.

ಸದ್ದು ನಿಂತದ್ದು ಕೇಳಿ ಮೇಡಂ ಓಡಿ ಬಂದರು, ಕೈಯೆಲ್ಲ ಮಂಡಕ್ಕಿಯ ಖಾರ. "ಯಾಕೆ ಸರ್ ನಿಲ್ಲಿಸಿದ್ರಿ?"

"ಮಾತು ಬರ್ತಿಲ್ಲ ಮೇಡಂ. ಈಗ ಸರಿ ಮಾಡ್ತೀನಿ," ಅಂತ ಬಾಯಿಂದ ಟಾರ್ಚು ತೆಗೆದು ಹೇಳಿ, ಪೆಟ್ಟಿಗೆಯೊಳಗೆ ನೋಡಲು ಮತ್ತೆ ಕಚ್ಚಿಕೊಂಡೆ.

"ಇದರಲ್ಲಿ ಮಾತೇ ಇಲ್ಲ ಸರ್. ಶುರುವಿನಿಂದ ಕೊನೆವರೆಗೂ ಒಂದು ಮಾತೂ ಇಲ್ಲ. ಅದನ್ನೇ ನಾನು ಮೊದಲು ಹೇಳಬೇಕು ಅಂತಿದ್ದೆ, ಟೈಮ್ ಇರಲಿಲ್ಲ."

ನನ್ನ ಕೈಯಲ್ಲಿ ಪಿನ್ನು ಹಾಗೇ ಇತ್ತು. ಆಗ ಹೆಂಗಸರ ಸಾಲಿನಿಂದ ಗಿರಿಜಾ, ಏರಿಸದ ದನಿಯಲ್ಲಿ, ಆದರೆ ಮೈಕಿಲ್ಲದೆ ಇಡೀ ಹಾಲಿಗೆ ಕೇಳುವ ಹಾಗೆ ಕೇಳಿದಳು: "ಅಣ್ಣಾ, ಮತ್ತೆ ಸಂಭಾಷಣೆ ಬಾಳ ಚೆನ್ನಾಗಿದೆ ಅಂದ್ಯಲ್ಲ, ಎಲ್ಲಿ ಕೇಳಿದೆ?"

ಎಲ್ಲರೂ ನಕ್ಕರು. ಭಾವನ ಹತ್ತಿರ ಕಲಿತು ಈಗ ಮೊಮ್ಮಕ್ಕಳಿರುವವರೂ, ಮೂವತ್ತು ವರ್ಷ ಕೂಡಿಟ್ಟ ನಗೆಯೆಲ್ಲ ತೆಗೆದು ನಕ್ಕರು. ನಾನು ನಗಲಿಲ್ಲ. ನಗಬಾರದೆಂದಲ್ಲ, ಬಾಯಲ್ಲಿ ಟಾರ್ಚಿತ್ತು.

ಭಾವ ಸೋಲುವ ಪೈಕಿ ಅಲ್ಲ. ಮುಂದೆ ಹೋಗಿ ಮೈಕು ಎತ್ತಿಕೊಂಡರು. ಮಾತಿಲ್ಲದಿದ್ದರೆ ಮಕ್ಕಳಿಗೆ ಅರ್ಥವಾಗುವುದು ಹೇಗೆ, ಪಕ್ಕದಲ್ಲಿ ಕೂತು ನಾನೇ ವಿವರಿಸುತ್ತಾ ಹೋಗುತ್ತೇನೆ ಅಂದರು. ಮೇಡಂ ಮುಖ ಬಾಡಿತು. ಹಿರಿಯರಿಗೆ ಬೇಡ ಅನ್ನುವುದು ಹೇಗೆ? ಸಿನಿಮಾ ಮತ್ತೆ ಮೊದಲಿನಿಂದ ಹಾಕಿದೆ.

ಪರದೆಯ ಮೇಲೆ ಆ ಮನುಷ್ಯ ತೆಪ್ಪ ಕಟ್ಟಿ ಮಲಗಿದ. ಬೆಳಿಗ್ಗೆ ಎದ್ದರೆ ಒಂದು ದಿಮ್ಮಿ ಇಲ್ಲ. ಮತ್ತೊಂದು ತಂದು ಕಟ್ಟಿದ, ಮಾರನೇ ಬೆಳಿಗ್ಗೆ ಎರಡು ಇಲ್ಲ. ಒಂದು ಬಿಳಿ ಹಕ್ಕಿ, ಮನೆಯಷ್ಟು ದೊಡ್ಡದು, ಕೊಕ್ಕಿನಲ್ಲಿ ದಿಮ್ಮಿ ಕಚ್ಚಿಕೊಂಡು ಹಾರಿಹೋಗುತ್ತಿದೆ. ಭಾವನ ದನಿ ಎರಡೂ ಬಾಕ್ಸಿನಿಂದ ಬಂತು: "ಮಕ್ಕಳೇ, ಇಲ್ಲಿ ಹಕ್ಕಿ ಎಂದರೆ ದುರಾಸೆ ಎಂದು ತಿಳಿಯಬೇಕು."

ಮುಂದೆ ಕೂತಿದ್ದ ಒಂದು ಹುಡುಗಿ ತಿರುಗಿ ಕೂಡ ನೋಡದೆ, "ಅದು ಗೂಡಿಗೆ ಒಯ್ತಾ ಇದೆ ಸಾರ್," ಅಂದಿತು.

ಗುಡವಿಯ ಸೀಮೆಯ ಮಕ್ಕಳಿಗೆ ಹಕ್ಕಿ ಕಡ್ಡಿ ಯಾಕೆ ಒಯ್ಯುತ್ತದೆಂದು ಹೇಳಿಕೊಡಬೇಕೆ? ಭಾವನಿಗೆ ಕೇಳಿಸಲಿಲ್ಲ. ದುರಾಸೆಯಿಂದ ಆಗುವ ಐದು ಕೆಡುಕುಗಳನ್ನು ಹೇಳತೊಡಗಿದರು. ಪರದೆಯಲ್ಲಿ ಆ ಮನುಷ್ಯ ಸಿಟ್ಟಿನಿಂದ ಕಲ್ಲು ಎತ್ತಿದ. ಹಕ್ಕಿಯ ರೆಕ್ಕೆಗೆ ಬಿತ್ತು. ಅಷ್ಟು ದೊಡ್ಡ ಹಕ್ಕಿ ಮರಳಿನ ಮೇಲೆ ಬಿದ್ದುಕೊಂಡಿತು. ಮಕ್ಕಳು ಉಸಿರು ಹಿಡಿದಿದ್ದವು. ಭಾವ ಮೂರನೇ ಕೆಡುಕಿನಲ್ಲಿದ್ದರು.

ನನ್ನ ಮುಂದೆ ದನಿ ಏರಿಸಿ ಇಳಿಸುವ ಮಿಕ್ಸರ್ ಇತ್ತು. ಒಂದನೇ ನಾಬು ಸಿನಿಮಾದ್ದು, ಎರಡನೇದು ಭಾವನ ಮೈಕಿನದ್ದು. ಮೂವತ್ತೆಂಟು ವರ್ಷ ಮಾತಾಡುವವರ ದನಿ ಏರಿಸುವುದೇ ನನ್ನ ಕೆಲಸ. ಬೈಯುವವರದ್ದೂ ಏರಿಸಿದ್ದೇನೆ, ಸುಳ್ಳು ಹೇಳುವವರದ್ದೂ ಏರಿಸಿದ್ದೇನೆ. ಅವತ್ತು ಎರಡನೇ ನಾಬಿನ ಮೇಲೆ ಎರಡು ಬೆರಳಿಟ್ಟು, ಎಣ್ಣೆ ಬಿಟ್ಟಷ್ಟು ಸಣ್ಣಗೆ ಇಳಿಸುತ್ತಾ ಬಂದೆ. ಅದನ್ನು ಒಮ್ಮೆಲೇ ಮಾಡಬಾರದು. ಮಾತಿಗೊಂದು ಕೂದಲೆಳೆ. ನಾಲ್ಕನೇ ಕೆಡುಕು ಪಕ್ಕದ ಮನೆಯಿಂದ ಬಂದ ಹಾಗಿತ್ತು. ಐದನೆಯದು ಬರಲೇ ಇಲ್ಲ.

ಭಾವನ ತುಟಿ ಆಡುತ್ತಲೇ ಇತ್ತು. ಸಿನಿಮಾದ ಬೆಳಕಿನಲ್ಲಿ ಅವರೂ ಪರದೆಯ ಮೇಲಿನ ಮನುಷ್ಯನ ಹಾಗೆ ಕಾಣುತ್ತಿದ್ದರು. ಎರಡು ನಿಮಿಷ ಅವರಿಗೆ ಗೊತ್ತಾಗಲಿಲ್ಲ. ಗೊತ್ತಾದಾಗ ಮೈಕನ್ನು ನೋಡಿದರು, ಬೆರಳಿನಿಂದ ತಟ್ಟಿದರು, ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದರು. ನಾನು ಪಿನ್ನು ಹುಡುಕುವವನ ಹಾಗೆ ನಟಿಸಬಹುದಿತ್ತು. ನಟಿಸಲಿಲ್ಲ. ನಾಬಿನ ಮೇಲಿದ್ದ ಕೈ ತೆಗೆಯದೆ ಅವರನ್ನೇ ನೋಡಿದೆ. ಇನ್ನು ಎದ್ದು ಬರುತ್ತಾರೆ, ಇಪ್ಪತ್ತಾರು ವರ್ಷದ್ದೆಲ್ಲ ಇಲ್ಲೇ ಆಗಿಹೋಗುತ್ತದೆ ಅಂದುಕೊಂಡೆ.

ಪರದೆಯಲ್ಲಿ ಆ ಮನುಷ್ಯ ಮರ ಹತ್ತಿದ್ದ. ತನ್ನ ದಿಮ್ಮಿಗಳಿಂದಲೇ ಕಟ್ಟಿದ ಗೂಡು, ಅದರಲ್ಲಿ ಒಂದು ಮೊಟ್ಟೆ. ಮೊಟ್ಟೆಯನ್ನು ನೋಡಿದ. ಕೆಳಗೆ ಬಿದ್ದಿದ್ದ ಹಕ್ಕಿಯನ್ನು ನೋಡಿದ. ಕಲ್ಲು ಎತ್ತಿದ ತನ್ನ ಕೈಯನ್ನು ನೋಡಿಕೊಂಡ. ಆಮೇಲೆ ಗೂಡಿನೊಳಗೆ ಇಳಿದು, ಮೊಟ್ಟೆಯನ್ನು ತಬ್ಬಿಕೊಂಡು ಕೂತ.

ಭಾವ ಅದನ್ನು ನೋಡಿದರು. ಮೈಕನ್ನು ತೊಡೆಯ ಮೇಲಿಟ್ಟುಕೊಂಡರು.

ಆಮೇಲೆ ಒಂದು ಗಂಟೆ ಆ ಹಾಲಿನಲ್ಲಿ ಯಾರೂ ಏನನ್ನೂ ಯಾರಿಗೂ ಹೇಳಿಕೊಡಲಿಲ್ಲ. ಮೊಟ್ಟೆ ಒಡೆದು ಒಂದು ಹೆಣ್ಣುಮಗು ಬಂತು, ತಲೆಯಲ್ಲಿ ಕೂದಲಿನ ಬದಲು ಪುಕ್ಕ. ರೆಕ್ಕೆ ವಾಸಿಯಾದ ಹಕ್ಕಿಯೂ ಆ ಮನುಷ್ಯನೂ ಸೇರಿ ಅದನ್ನು ಸಾಕಿದರು. ಮಗು ದೊಡ್ಡದಾಯಿತು, ಒಂದು ದಿನ ಹಾರಿಹೋಯಿತು. ಹೆಣ್ಣು ಹೆತ್ತವರೆಲ್ಲ ಅಲ್ಲಿ ಮೂಗು ಒರೆಸಿಕೊಂಡರು, ನಾನೂ ಸೇರಿ. ನಾನು ಆ ಸಿನಿಮಾವನ್ನು ಸಿನಿಮಾ ಅಂತ ನೋಡಲೇ ಇಲ್ಲ. ಸೀದಾ ಗುಡ್ಡೆಯ ಮೇಲೆ ಹೋಗಿ ಕೂತಿದ್ದೆ. ತೆಪ್ಪ ಕಳೆದುಕೊಂಡು ಕೂತವನ ಕಷ್ಟ ಆ ಹಾಲಿನಲ್ಲಿ ನನ್ನೊಬ್ಬನಿಗೇ ಅನುಭವದಿಂದ ಗೊತ್ತಿದ್ದದ್ದು. ಅವನದ್ದು ಹಕ್ಕಿ ಒಯ್ದಿತು, ನನ್ನದು ಎಮ್ಮೆ ತಿಂದಿತು, ಅಷ್ಟೇ ವ್ಯತ್ಯಾಸ. ಅವನಿಗೆ ಬಂದ ಸಿಟ್ಟು ನನಗೂ ಬಂದಿತ್ತು. ತೆಪ್ಪ ಹೋಗಿರದಿದ್ದರೆ ಹಾಡು ಬರುವ ಹೊತ್ತಿಗೆ ನಾನು ದಾಟಿ ಎಲ್ಲಿಗೋ ಹೋಗಿಬಿಟ್ಟಿರುತ್ತಿದ್ದೆ.

ಕೊನೆಗೆ ಆ ಮನುಷ್ಯ ಮುದುಕನಾಗುತ್ತಾನೆ. ಹಾರಿಹೋಗಿದ್ದ ಮಗಳು ತಿರುಗಿ ಬಂದು, ಗೂಡಿನಿಂದ ಅವನ ದಿಮ್ಮಿಗಳನ್ನು ಒಂದೊಂದಾಗಿ ಕಿತ್ತು ತಂದು ಅವನ ಮುಂದೆ ಹಾಕುತ್ತಾಳೆ, ತಗೋ, ನಿನ್ನ ತೆಪ್ಪ ಅನ್ನುವ ಹಾಗೆ. ಅವನು ತೆಪ್ಪ ಕಟ್ಟುವುದಿಲ್ಲ. ದಂಡೆಯ ನೀರಿನಲ್ಲಿ ಒಂದೊಂದೇ ದಿಮ್ಮಿಯನ್ನು ನೆಟ್ಟಗೆ ನೆಡುತ್ತಾನೆ. ಅವು ಚಿಗುರುತ್ತವೆ. ಎಲ್ಲಿಂದಲೋ ಹಕ್ಕಿಗಳು ಬರುತ್ತವೆ, ಹತ್ತು, ನೂರು, ಆಕಾಶ ತುಂಬಿ, ನೀರಿನಲ್ಲಿ ನಿಂತ ಆ ಮರಗಳ ಮೇಲೆಲ್ಲ ಬೆಳ್ಳಗೆ ಇಳಿಯುತ್ತವೆ.

"ಇದು ನಮ್ಮ ಗುಡವಿ ಕೆರೆ ಅಲ್ವನೇ," ಅಂತ ಹಿಂದಿನ ಬೆಂಚಿನ ಒಂದು ಅಜ್ಜಿ ಪಕ್ಕದವಳನ್ನು ಕೇಳಿತು. ಯಾರೂ ಅಲ್ಲ ಅನ್ನಲಿಲ್ಲ.

ಲೈಟು ಹಾಕಿದೆ. ವಂದನಾರ್ಪಣೆಗೆ ಮೇಡಂ ಏಳಬೇಕಿತ್ತು. ಮೈಕು ಭಾವನ ತೊಡೆಯ ಮೇಲೇ ಇತ್ತಲ್ಲ, ಅವರೇ ಎದ್ದರು. ನಾನು ಎರಡನೇ ನಾಬನ್ನು ಮೊದಲಿನ ಜಾಗಕ್ಕೆ ತಂದಿಟ್ಟೆ. ಪಂದ್ಯದಲ್ಲಿ ಸೋತವನು ನಾನು. ಸೆಟ್ಟು ನಿಂತಿತ್ತು, ಇನ್ನೂರು ಜನ ನೋಡಿದ್ದರು. ತಲೆ ತಗ್ಗಿಸಿ ವೈರು ಸುತ್ತಲು ಶುರುಮಾಡಿದೆ, ಮೊಣಕೈಗಲ್ಲ, ಸರಿಯಾಗಿ.

ಭಾವ ಮೇಡಂಗೆ ವಂದನೆ ಹೇಳಿದರು. ಈಗಿನ ಹೆಡ್‌ಮಾಸ್ಟರಿಗೆ, ಮಂಡಕ್ಕಿ ಕಲಸಿದವರಿಗೆ, ಜಮಖಾನ ಕೊಟ್ಟ ಮೂರು ಮನೆಯವರಿಗೆ. ಜನ ಎದ್ದು ಚಪ್ಪಲಿ ಹುಡುಕತೊಡಗಿದರು. "ಹಾಗೆಯೇ ಧ್ವನಿವರ್ಧಕ," ಅಂದು ನಿಲ್ಲಿಸಿದರು. ಕನ್ನಡಕ ತೆಗೆದು ಪಂಚೆಗೆ ಒರೆಸಿ ಹಾಕಿಕೊಂಡರು.

"ಧ್ವನಿವರ್ಧಕ ಮತ್ತು ಪರದೆ, ಶಿಕಾರಿಪುರದ ಶ್ರೀ ಹಾಲೇಶಪ್ಪನವರು. ನನ್ನ ತಂಗಿಯ ಯಜಮಾನರು. ಮಾತು ಎಲ್ಲಿ ಬೇಕು ಅಂತ ನಾನು ಮೂವತ್ತೆರಡು ವರ್ಷ ಪಾಠ ಮಾಡಿದ್ದೀನಿ. ಎಲ್ಲಿ ಬೇಡ ಅನ್ನೋದು ಅವರಿಗೆ ಗೊತ್ತು."

ನಿಜ ಹೇಳುತ್ತೇನೆ. ಅವರು ನನ್ನ ಹೆಸರು ತೆಗೆದ ಆ ಗಳಿಗೆಯಲ್ಲಿ ನನ್ನ ಬೆರಳು ತಾನಾಗೇ ಹೋಗಿ ಎರಡನೇ ನಾಬನ್ನು ಒಂದು ಗೆರೆ ಮೇಲೇರಿಸಿತು. ಚಪ್ಪಲಿ ಹುಡುಕುತ್ತಿದ್ದವರೆಲ್ಲ ತಿರುಗಿ ನೋಡಿದರು. ಗಿರಿಜಾ ಹೆಂಗಸರ ಸಾಲಿನಲ್ಲಿ ಎದ್ದು ನಿಂತು, ಮದುವೆ ದಿನ ನಕ್ಕ ಹಾಗೇ ನಕ್ಕಳು.

ಗಾಡಿಗೆ ಬಾಕ್ಸು ಏರಿಸುವಾಗ ಭಾವ ಬಂದು ಒಂದು ತುದಿ ಹಿಡಿದರು. ಅವರ ವಯಸ್ಸಿಗೆ ಅದು ಭಾರ, ಬೇಡ ಅಂದರೂ ಬಿಡಲಿಲ್ಲ. ಮೈಕು ನಡುವೆ ಕೆಟ್ಟಿತ್ತಾ ಅಂತ ಕೇಳಿದರು.

"ಇಲ್ಲ ಭಾವ. ನನ್ನ ಸೆಟ್ಟು ಕೆಡಲ್ಲ."

"ಗೊತ್ತಿತ್ತು," ಅಂದು ಬಾಕ್ಸನ್ನು ಒಳಗೆ ತಳ್ಳಿದರು. "ಹಬ್ಬಕ್ಕೆ ಬಾ ಹಾಲೇಶ."

ಆ ಪಿನ್ನನ್ನು ಮೊನ್ನೆ ಗಿರಿಜಾ ಒರೆಸಿ, ಒಣಗಿಸಿ, ನನ್ನ ಒಗೆದ ಅಂಗಿಯ ಕಿಸೆಗೆ ವಾಪಸು ಹಾಕಿದ್ದಾಳೆ. ಓದು ಬಿಟ್ಟು ಮೂವತ್ತೆಂಟು ವರ್ಷಕ್ಕೆ ಈಗ ನನ್ನ ಹತ್ತಿರ ಇರುವುದು ಇಷ್ಟು: ಆಂಪ್ಲಿಫೈಯರು ನಾಲ್ಕು, ಬಾಕ್ಸು ಹನ್ನೆರಡು, ದಾದಾಪೀರ್ ಸಾಹೇಬರ ಕಾಲದ ಹಾರ್ನು ಎರಡು, ಪ್ರೊಜೆಕ್ಟರು ಒಂದು, ಪರದೆ ಒಂದು, ಗಾಡಿ ಒಂದು, ಮೈಕು ಒಂಬತ್ತು, ಹೆಂಡತಿ ಒಬ್ಬಳು, ಹೆಣ್ಣುಮಕ್ಕಳು ಇಬ್ಬರು, ಭಾವ ಒಬ್ಬರು, ಹೆಸರು ಒಂದು.